ಆಟದ ಗಣಕವನ್ನು ಅಳಿಸಿ ಬರೆಯುವ ಮುನ್ನ

ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಮೇಗುತಿ ಗುಡ್ಡವನ್ನು ಹತ್ತಿದವರು ಅಲ್ಲಿಯ ಜಿನಾಲಯದ ಗೋಡೆಯಲ್ಲಿ ಕವಿ ರವಿಕೀರ್ತಿಯ ಶಾಸನವನ್ನು ನೋಡಿರಬಹುದು. ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದ ಸಂಗತಿಯೇ ಮೊದಲಾದ ಹಲವು ವಿಷಯಗಳು ಅದರಲ್ಲಿ ಇವೆ. ಕ್ರಿ.ಶ. 634ರ ಆ ಬರಹವು ಸುಮಾರು ಹದಿನಾಲ್ಕು ಶತಮಾನಗಳ ಬಿಸಿಲು ಮಳೆಗಳನ್ನು ಸಹಿಸಿ ಉಳಿದುಬಂದಿದೆ. ಕಲ್ಲಿನ ಗುಣವೇ ಅಂಥದು. ಅದರ ಮೇಲೆ ಬರೆಯುವುದೂ ಕಷ್ಟ, ಬರೆದುದನ್ನು ಅಳಿಸುವುದೂ ಕಷ್ಟ. ನಮ್ಮ ಕಾಲದ ಗಣಕವಾದರೋ ಇದಕ್ಕೆ ತೀರ ವಿರುದ್ಧವಾದುದು. ಒಂದು ಗ್ರಂಥಭಂಡಾರದಷ್ಟು ಬರಹವನ್ನು ಅದು ಕ್ಷಣಾರ್ಧದಲ್ಲಿ ತನ್ನೊಳಗೆ ಸೇರಿಸಿಕೊಳ್ಳುವುದು; ಅಷ್ಟೇ ಸುಲಭವಾಗಿ ಅಳಿಸಿಬಿಡುವುದು. ಈ ಅಳಿಸುವಿಕೆಯು ಕೆಲವೊಮ್ಮೆ ನಮಗೆ ಬೇಕಾಗಿಯೇ ಇರುತ್ತದೆ. ಆಪರೇಟಿಂಗ್ ಸಿಸ್ಟಂ ಅನ್ನು ಹೊಸದಾಗಿ ಸ್ಥಾಪಿಸುವುದು ಅಂಥ ಒಂದು ಸಂದರ್ಭ.

ಆಪರೇಟಿಂಗ್ ಸಿಸ್ಟಂ ಎಂದರೇನು? ಗಣಕದ ಯಂತ್ರಭಾಗಗಳಿಗೂ ನಾವು ಆಡುವ ಆಟಕ್ಕೂ ನಡುವೆ ನಿಂತು ವ್ಯವಹಾರ ನಡೆಸುವ ಆದೇಶಗಳ ಸಮೂಹವೇ ಅದು. ಪರದೆಯ ಮೇಲೆ ಒಂದು ಚಿತ್ರ ಮೂಡಬೇಕಾದರೆ ಆಟವು ಅದನ್ನು ಕೇಳಿಕೊಳ್ಳಬೇಕು. ಅದು ಡ್ರೈವರ್ ಎಂಬ ದುಭಾಷಿಯ ಮೂಲಕ ಗ್ರಾಫಿಕ್ಸ್ ಕಾರ್ಡಿಗೆ ತಿಳಿಸಬೇಕು. ವರ್ಷಗಟ್ಟಲೆ ಬಳಸಿದ ಗಣಕದಲ್ಲಿ ಹಳೆಯ ಡ್ರೈವರುಗಳೂ ತೆಗೆದುಹಾಕಿದ ಆಟಗಳ ಶೇಷಗಳೂ ಒಮ್ಮೊಮ್ಮೆ ವೈರಸ್ಸುಗಳೂ ಸೇರಿಕೊಂಡು ಈ ವ್ಯವಹಾರವನ್ನು ಕೆಡಿಸುತ್ತವೆ. ಇದಲ್ಲದೆ ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದುದರಿಂದ ಅನೇಕರು ಹೊಸ ಸ್ಥಾಪನೆಯ ಯೋಚನೆಯಲ್ಲಿದ್ದಾರೆ. ಆದರೆ ಆಟವು ತಡವರಿಸಿದ ಮಾತ್ರಕ್ಕೆ ಎಲ್ಲವನ್ನೂ ಅಳಿಸಲು ಹೊರಡುವುದು ಸರಿಯಲ್ಲ. ಬಾಗಲಕೋಟೆಯ ಬೇಸಗೆಯಲ್ಲಿ ಧೂಳು ಕಟ್ಟಿದ ಫ್ಯಾನು ಗಣಕವನ್ನು ತಂಪಾಗಿಡಲಾರದು. ಕಾವೇರಿದ ಪ್ರೊಸೆಸರು ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ತಗ್ಗಿಸಿಕೊಳ್ಳುವುದು. ಅಂಥ ಕಾಯಿಲೆಗೆ ಮದ್ದು ಬ್ರಷ್ಷೇ ಹೊರತು ಹೊಸ ವಿಂಡೋಸ್ ಅಲ್ಲ.

ಸ್ಥಾಪನೆ ಅನಿವಾರ್ಯವೆಂದು ನಿಶ್ಚಯವಾಯಿತೆನ್ನಿ. ಆಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಗಣಕದಲ್ಲಿರುವುದರಲ್ಲಿ ಯಾವುದು ಮತ್ತೆ ಸಿಕ್ಕುವುದು, ಯಾವುದು ಸಿಕ್ಕದು? ವಿಂಡೋಸ್ ಮತ್ತೆ ಸಿಕ್ಕುವುದು. ಅದರ ಪರವಾನಗಿಯು ಸಾಮಾನ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ, ಆ ಭಾಗವನ್ನು ಬದಲಿಸದಿದ್ದರೆ ಹೊಸದಾಗಿ ಕೊಳ್ಳಬೇಕಾಗುವುದಿಲ್ಲ. ಕೊಂಡ ಆಟವೂ ಮತ್ತೆ ಸಿಕ್ಕುವುದು. ಆದರೆ ಆರು ತಿಂಗಳು ಆಡಿ ತಲುಪಿದ ಹಂತದ ದಾಖಲೆ, ಪರೀಕ್ಷೆಗೆಂದು ಬರೆದ ಪ್ರಬಂಧ, ಅಜ್ಜಿಯ ಭಾವಚಿತ್ರ ಇವು ಯಾವ ಅಂಗಡಿಯಲ್ಲಿಯೂ ದೊರೆಯವು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಗಣಕವಿರುವುದು ಒಂದೇ. ಮಗನು ಆಟವಾಡುವ ಯಂತ್ರದಲ್ಲಿಯೇ ಮಗಳ ಪಾಠಗಳೂ ತಂದೆಯ ಅಂಗಡಿಯ ಲೆಕ್ಕವೂ ಇರುತ್ತವೆ. ಆದುದರಿಂದ ಅಳಿಸುವವನು ಮನೆಯವರೆಲ್ಲರನ್ನೂ ಕೇಳಿಯೇ ಮುಂದುವರಿಯತಕ್ಕದ್ದು.

ವಿಚಿತ್ರವೆಂದರೆ, ಸಿಕ್ಕದಿರುವ ವಸ್ತುವೇ ಗಾತ್ರದಲ್ಲಿ ಚಿಕ್ಕದು. ಒಂದು ದೊಡ್ಡ ಆಟವು ನೂರು ಗಿಗಾಬೈಟ್ ಆಗಿದ್ದರೆ, ಆಡಿದವನ ಪ್ರಗತಿಯ ದಾಖಲೆಯು ಬಹುಶಃ ಕೆಲವೇ ಮೆಗಾಬೈಟ್. ಅದು ಆಟದ ಕೋಶದಲ್ಲಿರದೆ ಡಾಕ್ಯುಮೆಂಟ್ಸ್, ಸೇವ್ಡ್ ಗೇಮ್ಸ್, ಇಲ್ಲವೆ ಮರೆಯಾಗಿರುವ ಆಪ್‌ಡೇಟಾ ಎಂಬ ಕೋಶಗಳಲ್ಲಿ ಅಡಗಿರುವುದೇ ಹೆಚ್ಚು. ಡೆಸ್ಕ್‌ಟಾಪನ್ನು ಮಾತ್ರ ನಕಲು ಮಾಡಿಕೊಂಡು ತೃಪ್ತರಾದವರು ಕಳೆದುಕೊಳ್ಳುವುದು ಇದನ್ನೇ.

ಆಟವನ್ನು ಮತ್ತೆ ಇಳಿಸಿಕೊಳ್ಳಬಹುದೆಂದೆವು. ಅದಕ್ಕೂ ಒಂದು ಲೆಕ್ಕವಿದೆ. ಸೆಕೆಂಡಿಗೆ 20 ಮೆಗಾಬಿಟ್ ವೇಗದ ಇಂಟರ್‌ನೆಟ್ ಇದ್ದರೆ ನೂರು ಗಿಗಾಬೈಟ್ ಇಳಿಯಲು 40,000 ಸೆಕೆಂಡು, ಅಂದರೆ ಹನ್ನೊಂದು ಗಂಟೆಗೂ ಮಿಕ್ಕಿ ಬೇಕು. ಅದನ್ನೇ ಸೆಕೆಂಡಿಗೆ 100 ಮೆಗಾಬೈಟ್ ಸಾಗಿಸುವ ಹೊರಗಿನ ಹಾರ್ಡ್ ಡಿಸ್ಕಿನಿಂದ ತಂದುಕೊಂಡರೆ ಹದಿನೇಳು ನಿಮಿಷ ಸಾಕು. ಸ್ಟೀಮ್‌ನ ಆಟಗಳ ಕೋಶವನ್ನು ಹೀಗೆ ತೆಗೆದಿರಿಸಿ, ಹೊಸ ಸ್ಥಾಪನೆಯ ಮೇಲೆ ಅದರ ಸ್ಥಳಕ್ಕೆ ಮರಳಿಸಿದರೆ, ಸ್ಟೀಮ್ ಆ ಕಡತಗಳನ್ನು ಪರಿಶೀಲಿಸಿ ಕೊರತೆಯಾದಷ್ಟನ್ನು ಮಾತ್ರ ಇಳಿಸಿಕೊಳ್ಳುವುದು.

ನಕಲು ಎಷ್ಟಿರಬೇಕು? ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಓಲೆಗರಿಯನ್ನು ಹುಳು ತಿನ್ನಬಹುದು, ಬೆಂಕಿ ಸುಡಬಹುದು. ಸಾವಿರ ಮನೆಗಳಿಗೆ ಏಕಕಾಲದಲ್ಲಿ ಬೆಂಕಿ ಬೀಳದು. ನಮಗೆ ಮೂರು ಸಾಕು: ಗಣಕದಲ್ಲೊಂದು, ಬೇರೆ ಡಿಸ್ಕಿನಲ್ಲೊಂದು, ಮನೆಯ ಹೊರಗೆ ಮತ್ತೊಂದು. ಅದೇ ಡಿಸ್ಕನ್ನು ಎರಡು ಭಾಗ ಮಾಡಿ ಒಂದರಲ್ಲಿ ನಕಲಿಟ್ಟರೆ ಅದು ನಕಲಲ್ಲ. ಡಿಸ್ಕು ಕೆಟ್ಟರೆ ಎರಡೂ ಹೋದವು. ಇನ್ನು ಎಸ್‌ಎಸ್‌ಡಿಯಲ್ಲಿ ಅಳಿಸಿದುದನ್ನು ಮತ್ತೆ ಹುಡುಕಿ ತೆಗೆಯಬಹುದೆಂಬ ಆಸೆಯೂ ಬೇಡ. ಅಳಿಸಿದ ಜಾಗವನ್ನು ಆಪರೇಟಿಂಗ್ ಸಿಸ್ಟಂ ಡಿಸ್ಕಿಗೆ ತಿಳಿಸುವುದು, ಡಿಸ್ಕು ಅದನ್ನು ಬರಿದು ಮಾಡಿಬಿಡುವುದು.

ನಕಲು ಮಾಡಿದೊಡನೆ ಕೆಲಸ ಮುಗಿಯಲಿಲ್ಲ. ಅದು ಸರಿಯಾಗಿದೆಯೇ ಎಂದು ತಿಳಿಯಬೇಕು. ಐಹೊಳೆಯ ಶಾಸನದಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನವಿದೆ. ರವಿಕೀರ್ತಿಯು ಕಾಲವನ್ನು ಎರಡು ಬಗೆಯಾಗಿ ಹೇಳಿದ್ದಾನೆ: ಭಾರತಯುದ್ಧದಿಂದ 3735 ವರ್ಷ, ಶಕವರ್ಷ 556. ಮೊದಲನೆಯದನ್ನು ಕ್ರಿ.ಪೂ. 3102ರಲ್ಲಿ ಮೊದಲಾದ ಕಲಿಯುಗದ ಗಣನೆಯೆಂದು ಹಿಡಿದು 3101ನ್ನು ಕಳೆದರೆ 634 ಬರುತ್ತದೆ. ಎರಡನೆಯದಕ್ಕೆ 78 ಕೂಡಿಸಿದರೂ 634. ಒಂದು ಸಂಖ್ಯೆ ಸವೆದು ತಪ್ಪಾಗಿ ಓದಿಕೊಂಡಿದ್ದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತಿತ್ತು. ಗಣಕದ ಹ್ಯಾಷ್ ಸಂಖ್ಯೆಯೂ ಮಾಡುವುದು ಇದೇ ಕೆಲಸ. ಕಡತವನ್ನೆಲ್ಲ ಒಂದು ಗಣಿತಕ್ರಮದಿಂದ ಅರೆದು ಒಂದು ಉದ್ದವಾದ ಸಂಖ್ಯೆಯನ್ನು ತೆಗೆಯಲಾಗುವುದು. ಮೂಲದಲ್ಲಿಯೂ ನಕಲಿನಲ್ಲಿಯೂ ಸಂಖ್ಯೆ ಒಂದೇ ಆಗಿದ್ದರೆ ಕಡತಗಳೂ ಒಂದೇ. ಒಂದೇ ಒಂದು ಬಿಟ್ ಬದಲಾದರೂ ಸಂಖ್ಯೆ ಗುರುತು ಸಿಗದಂತೆ ಬದಲಾಗುವುದು. ಇಷ್ಟು ಶ್ರಮ ಬೇಡವೆನ್ನುವವರು ಡಿಸ್ಕನ್ನು ಬೇರೊಂದು ಗಣಕಕ್ಕೆ ಜೋಡಿಸಿ ನಾಲ್ಕಾರು ಕಡತಗಳನ್ನಾದರೂ ತೆರೆದು ನೋಡಲಿ.

ಇಷ್ಟಾದ ಮೇಲೆ ಸ್ಥಾಪನೆಯು ದೊಡ್ಡ ಕೆಲಸವೇನಲ್ಲ. 8 ಗಿಗಾಬೈಟ್‌ಗೆ ಕಡಮೆಯಿಲ್ಲದ ಖಾಲಿ ಪೆನ್ ಡ್ರೈವಿನಲ್ಲಿ ಮೈಕ್ರೋಸಾಫ್ಟ್ ಒದಗಿಸುವ ಸ್ಥಾಪನಾ ಕಡತಗಳನ್ನು ಸಿದ್ಧಮಾಡಿಕೊಳ್ಳಬೇಕು. ಜೊತೆಗೆ ವೈ-ಫೈ ಡ್ರೈವರನ್ನೂ ಇಟ್ಟುಕೊಂಡಿರುವುದು ಜಾಣತನ. ಅದಿಲ್ಲದೆ ಇಂಟರ್‌ನೆಟ್ ಬಾರದು, ಇಂಟರ್‌ನೆಟ್ ಇಲ್ಲದೆ ಡ್ರೈವರು ಬಾರದು ಎಂಬ ಇಕ್ಕಟ್ಟಿಗೆ ಸಿಕ್ಕಿದವರು ಕೆಲವರಲ್ಲ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ನಕಲಿನ ಡಿಸ್ಕನ್ನೂ ಅಳಿಸಬಾರದ ಇತರ ಡಿಸ್ಕುಗಳನ್ನೂ, ವಿದ್ಯುತ್ತನ್ನು ನಿಲ್ಲಿಸಿ, ಮೊದಲೇ ಬೇರ್ಪಡಿಸುವುದು ಕ್ಷೇಮ. ಪರದೆಯ ಮೇಲೆ ಅವೆಲ್ಲವೂ ಕೇವಲ ಸಂಖ್ಯೆಗಳಾಗಿ ಕಾಣುವುದರಿಂದ ಒಂದರ ಬದಲು ಇನ್ನೊಂದನ್ನು ಅಳಿಸುವುದು ಬಹಳ ಸುಲಭ. ನಡುವೆ ವಿದ್ಯುತ್ತು ಹೋದರೆ ಸ್ಥಾಪನೆ ಅರ್ಧಕ್ಕೆ ನಿಲ್ಲುವುದಾದ್ದರಿಂದ ಗುಡುಗು ಮಳೆಯ ಸಂಜೆಯನ್ನು ಇದಕ್ಕೆ ಆರಿಸಿಕೊಳ್ಳಬಾರದು.

ಹೊಸ ವಿಂಡೋಸ್ ಎದ್ದು ನಿಂತ ಮೇಲೆ ಗ್ರಾಫಿಕ್ಸ್ ಡ್ರೈವರು, ಆಮೇಲೆ ಆಟಗಳು, ಕೊನೆಗೆ ಪ್ರಗತಿಯ ದಾಖಲೆಗಳು. ಸ್ಟೀಮ್‌ನಂಥ ಸಂಸ್ಥೆಗಳು ಎಲ್ಲವಲ್ಲದಿದ್ದರೂ ಹಲವು ಆಟಗಳ ದಾಖಲೆಗಳನ್ನು ತಮ್ಮ ದೂರದ ಗಣಕಗಳಲ್ಲಿಯೂ ಇಟ್ಟಿರುತ್ತವೆ. ಅಂಥ ಆಟವನ್ನು ಮೊದಲ ಸಲ ತೆರೆದಾಗ, ಅಲ್ಲಿಯದನ್ನು ಉಳಿಸಲೇ ಇಲ್ಲಿಯದನ್ನು ಉಳಿಸಲೇ ಎಂಬ ಪ್ರಶ್ನೆ ಪರದೆಯ ಮೇಲೆ ಬರಬಹುದು. ಆತುರದಲ್ಲಿ ಒಂದನ್ನು ಒತ್ತಿದರೆ ಇನ್ನೊಂದು ಅಳಿಸಿಹೋಗುವುದು. ಎರಡರ ಎದುರಿಗೂ ದಿನಾಂಕವನ್ನು ಬರೆದಿರುತ್ತಾರೆ. ಅದನ್ನು ಓದಿ ಉತ್ತರ ಕೊಡಬೇಕು.