ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ!

ಪರದೆ ಮೇಲೆ ಮಂಗಳಮುಖಿ ಪಾತ್ರ ಬಂದು ಚಪ್ಪಾಳೆ ತಟ್ಟಿದರೆ ಸಾಕು, ಟಾಕೀಸಿನಲ್ಲಿ ಹೋ ಎಂದು ನಗು. ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ, ಸುಳ್ಳೇಕೆ ಹೇಳಲಿ?

ಆ ನಗುವನ್ನು ಗಂಟಲಲ್ಲೇ ನಿಲ್ಲಿಸಿದ್ದು 2015ರಲ್ಲಿ ತೆರೆಕಂಡ ‘ನಾನು ಅವನಲ್ಲ... ಅವಳು’. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ, ಬಿ.ಎಸ್. ಲಿಂಗದೇವರು ನಿರ್ದೇಶನ. ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿಯನ್ನೇ ತಂದ ಪಾತ್ರ ಅದು. 2021ರಲ್ಲಿ ಅಪಘಾತ ಆತನನ್ನು ಒಯ್ದಿತು. ಪಾತ್ರ ಉಳಿದಿದೆ.

ತೆರೆಯಾಚೆಯ ಕಥೆ ಇನ್ನೂ ಕಹಿ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ, ಇವರ ಹೆಸರು-ವಿಳಾಸದ ಪಟ್ಟಿ ಇಡಲು ಅವಕಾಶ ಕೊಟ್ಟರು. ತಪ್ಪು ಮಾಡುವ ಮೊದಲೇ ಗುಮಾನಿ! ಸಮುದಾಯದವರು ಸುಮ್ಮನಾಗಲಿಲ್ಲ, ಹೈಕೋರ್ಟ್ ಮೆಟ್ಟಿಲೇರಿದರು. ಕಲಮಿನಿಂದ ಅವರನ್ನು ಕರೆದಿದ್ದ ಆ ಪದವೇ ಹೋಯಿತು. ಬೀದಿಯಲ್ಲಿ, ಠಾಣೆಯಲ್ಲಿ ಏಟು ತಿಂದವರ ಬೆನ್ನಿಗೆ ನಿಂತಿದ್ದು ಬೆಂಗಳೂರಿನಲ್ಲಿ 1999ರಲ್ಲಿ ಹುಟ್ಟಿದ ‘ಸಂಗಮ’.

ಮೊನ್ನೆ ಬಸ್ ಸ್ಟಾಂಡಿನಲ್ಲಿ ನಾಲ್ಕು ಹುಡುಗರು ಒಬ್ಬಾಕೆಯ ಸೆರಗು ಎಳೆದರು. ಸುತ್ತ ನಗು. ಕಾಲು ನಡುಗುತ್ತಿದ್ದರೂ ಅಡ್ಡ ಹೋಗಿ ನಿಂತೆ. ಟೀ ಅಂಗಡಿಯವನೂ ಬಂದ. ಹುಡುಗರು ಜಾಗ ಖಾಲಿ ಮಾಡಿದರು.

“ಹೊಡೆಯೋರು ನಾಲ್ಕೇ ಜನ ತಮ್ಮಾ, ನೋಡೋರೇ ನಲವತ್ತು” ಅಂದಳು ಆಕೆ.

ಮಿತ್ರರೇ, ಮುಂದಿನ ಸಲ ನೀವು ಯಾವ ಲೆಕ್ಕದಲ್ಲಿ?