‘ವರ್ಲ್ಡ್ ಪೇಟೆಂಟ್’ ಅನ್ನೋದು ಇಲ್ಲ ಸ್ವಾಮಿ!

ಕೆಮ್ಮಣ್ಣಿನ ಕಾಲೇಜು ಗೆಳೆಯನ ಫೋನು. “ಮಾರಾಯಾ, ವರ್ಲ್ಡ್ ಪೇಟೆಂಟ್ ಸಿಕ್ತು, ನಿನ್ನ ಚಾನೆಲ್‌ನಲ್ಲಿ ಹಾಕು!” ಕಾಗದ ತರಿಸಿ ನೋಡಿದೆ. ಪೇಟೆಂಟ್ ಅಲ್ಲ, ಪಿಸಿಟಿ ಅರ್ಜಿ ಪ್ರಕಟವಾದ ಪ್ರತಿ ಅಷ್ಟೆ.

ವೀಕ್ಷಕರೇ, ನಮ್ಮ ಹುಡುಗರು ಎಡವೋದು ಇಲ್ಲೇ. ಇಡೀ ಜಗತ್ತಿಗೆ ಒಂದೇ ಪೇಟೆಂಟ್ ಕೊಡುವ ಕಚೇರಿ ಎಲ್ಲೂ ಇಲ್ಲ. 1998ರ ಡಿಸೆಂಬರ್ 7ರಂದು ಭಾರತ ಸೇರಿದ ಪಿಸಿಟಿ ಒಪ್ಪಂದ ಮುಖ್ಯವಾಗಿ ಕೊಡುವುದು ಸಮಯ. ಕೆಮ್ಮಣ್ಣಿನ ತೂಗುಸೇತುವೆ ನಿಮ್ಮನ್ನು ಸುವರ್ಣಾ ನದಿ ದಾಟಿಸಿ ಕುದ್ರುವಿಗೆ ಬಿಡುತ್ತೆ. ಮನೆಮನೆಯ ಬಾಗಿಲು ತಟ್ಟಬೇಕಾದವರು ನೀವೇ. ಹಾಗೆ ಒಂದೊಂದು ದೇಶದ ಬಾಗಿಲು ತಟ್ಟುವುದೇ ‘ನ್ಯಾಷನಲ್ ಫೇಸ್’.

ಲೆಕ್ಕ ನೋಡಿ. ಮೊದಲ ಅರ್ಜಿ 2024ರ ಜನವರಿ 10ಕ್ಕೆ ಅಂದ್ಕೊಳ್ಳಿ. 12 ತಿಂಗಳೊಳಗೆ ಪಿಸಿಟಿ. ಅಮೆರಿಕ, ಜಪಾನಿಗೆ 30 ತಿಂಗಳು: 2026ರ ಜುಲೈ 10. ಭಾರತಕ್ಕೆ, ಯುರೋಪಿನ ಪೇಟೆಂಟ್ ಕಚೇರಿಗೆ 31: ಆಗಸ್ಟ್ 10. ಎಣಿಕೆ ಮೊದಲ ಅರ್ಜಿಯಿಂದ, ಪಿಸಿಟಿ ಹಾಕಿದ ದಿನದಿಂದಲ್ಲ! ಭಾರತದಲ್ಲಿ ಪರೀಕ್ಷೆಯ ಕೋರಿಕೆಯನ್ನೂ ಈಗ 31 ತಿಂಗಳೊಳಗೇ ಕೊಡಬೇಕು.

ತಪ್ಪಿದರೆ? ಅರ್ಜಿ ಹಿಂತೆಗೆದುಕೊಂಡಂತೆ ಲೆಕ್ಕ. ಹೊಸದಾಗಿ ಹಾಕೋಣ ಅಂದ್ರೆ, 18 ತಿಂಗಳು ದಾಟುತ್ತಲೇ ಗುಟ್ಟು ಜಗಜ್ಜಾಹೀರಾಗಿರುತ್ತೆ, ಹೊಸತನವೇ ಉಳಿದಿರೋಲ್ಲ.

ಗೆಳೆಯ ಇಲ್ಲಿ ಹಾಕಿದ್ದು ಪ್ರಾವಿಷನಲ್ ಅರ್ಜಿ ಮಾತ್ರ. ಹಾಗಾಗಿ ಸ್ವಂತ ದೇಶದ ಬಾಗಿಲನ್ನೂ ತಟ್ಟಲೇಬೇಕಿತ್ತು. ಉಳಿದಿದ್ದು ಹನ್ನೊಂದು ದಿನ. ನಾನು ಸುದ್ದಿ ಮಾಡಲಿಲ್ಲ. ಚೆನ್ನೈ ಪೇಟೆಂಟ್ ಕಚೇರಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿಸಿದೆ.

ಸನ್ಮಾನದ ಶಾಲು ಆಮೇಲೆ. ಮೊದಲು ಕ್ಯಾಲೆಂಡರ್ ನೋಡಿ.