ಕುದುರೆಯಿಲ್ಲದ ಸವಾರರು

1918ನೆಯ ಇಸವಿ ಸೆಪ್ಟೆಂಬರ್ 23ರಂದು ಪಾಲೆಸ್ತೀನದ ಹೈಫಾ ಪಟ್ಟಣವನ್ನು ಮೈಸೂರು, ಜೋಧಪುರಗಳ ಅಶ್ವದಳದವರು ಭರ್ಜಿ ಹಿಡಿದು ಗೆದ್ದ ಸಂಗತಿಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಆದರೆ ಇಪ್ಪತ್ತು ವರ್ಷಗಳೊಳಗೆ ಯಂತ್ರವಾಹನವು ಕುದುರೆಯ ಸ್ಥಾನವನ್ನು ಆಕ್ರಮಿಸಿತು. ಹಾಗಾದರೆ ಸವಾರನ ಗತಿಯೇನು?

1938ರಲ್ಲಿ ಹಿಂದೂಸ್ಥಾನದ ಸೈನ್ಯದ ಸಿಂದ್ ಹಾರ್ಸ್ ಎಂಬ ದಳವು ಕುದುರೆಗಳನ್ನು ಬಿಟ್ಟುಕೊಟ್ಟಿತು; ಕ್ರಮೇಣ ಉಳಿದ ದಳಗಳೂ ಅದೇ ದಾರಿ ಹಿಡಿದವು. ಸವಾರರನ್ನು ಚದುರಿಸಿ ಕಾಲಾಳುಗಳಲ್ಲಿ ಬೆರೆಸದೆ, ದಳವನ್ನು ದಳವಾಗಿಯೇ ಉಳಿಸಿ ಹೊಸ ವಿದ್ಯೆಗೆ ಹಚ್ಚಿದುದು ವಿವೇಕದ ಕಾರ್ಯವೆಂದು ನಮ್ಮ ಎಣಿಕೆ. ಮುಂದಾಗಿ ಹೋಗಿ ಶತ್ರುವಿನ ಸುಳಿವು ತರುವುದು, ನೆಲದ ಏರಿಳಿತವನ್ನು ಕಣ್ಣಳತೆಯಲ್ಲಿ ಗ್ರಹಿಸುವುದು, ಇವು ವಾಹನದಲ್ಲಿಯೂ ಬೇಕಾದ ಗುಣಗಳೇ. ಸವಾರ, ದಫೇದಾರ, ರಿಸಾಲ್ದಾರ ಎಂಬ ಹೆಸರುಗಳೂ ಟ್ಯಾಂಕಿನವರಿಗೆ ಹಾಗೆಯೇ ಉಳಿದವು.

ಆದರೂ ನಷ್ಟವಾಗಲಿಲ್ಲವೆನ್ನಲಾರೆವು. ಶಿಲ್ಲೇದಾರಿ ಪದ್ಧತಿಯಿದ್ದ ತಂದೆಯ ಕಾಲದಲ್ಲಿ ಕುದುರೆಯು ಸವಾರನ ಸ್ವಂತ ಬಂಡವಾಳವೇ ಆಗಿತ್ತು. ಅದಕ್ಕೆ ನೀರು ಕುಡಿಸಿ, ಮೈ ತಿಕ್ಕಿ, ಗೊರಸನ್ನೂ ಲಾಳವನ್ನೂ ನೋಡಿದ ಮೇಲೆಯೇ ಅವನ ಊಟ. ಕೆಮ್ಮು ಕೇಳಿ ರೋಗ ಹೇಳಬಲ್ಲವನು ಈಗ ಎಂಜಿನ್ನಿನ ಸದ್ದಿಗೆ ಕಿವಿಗೊಡಬೇಕಾಯಿತು. ಎಳೆಯರು ಬೇಗ ಕಲಿತಾರು. ಹದಿನೈದು ವರ್ಷ ಲಾಯದಲ್ಲಿ ಕಳೆದವನಿಗೆ ಎಣ್ಣೆಯ ವಾಸನೆ ಒಗ್ಗುವುದು ಸುಲಭವೇ?

1953ರಲ್ಲಿ ಮೈಸೂರು, ಗ್ವಾಲಿಯರ್ ಮೊದಲಾದ ಸಂಸ್ಥಾನಗಳ ಸವಾರರನ್ನು ಒಂದುಗೂಡಿಸಿ 61ನೆಯ ಅಶ್ವದಳವನ್ನು ಕಟ್ಟಿದರು. ಹೀಗೆ ಹೈಫಾದ ದಳದ ವಾರಸುದಾರರಲ್ಲಿ ಕೆಲವರ ಕೈಯಲ್ಲಾದರೂ ಲಗಾಮು ಉಳಿಯಿತು.